ಕ್ಲಚ್ಚಿಗೆ ಒಂದು ಹೆಬ್ಬೆರಳಗಲ ಆಟ ಬಿಡಿ

ಅಪ್ಪನ, ಅಜ್ಜನ ಹಳೆಯ ಕಾರನ್ನು ಮತ್ತೆ ರಸ್ತೆಗಿಳಿಸಿರುವ ಕಿರಿಯರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಗೆಳೆಯರೇ, ಗೆಳತಿಯರೇ,



ಭಾನುವಾರ ಬೆಳಿಗ್ಗೆ ನಿಮ್ಮನ್ನು ನೋಡುತ್ತಿರುತ್ತೇನೆ. ಕಾರಿನ ಹೊದಿಕೆ ಮಡಿಸಿಟ್ಟು, ಬಂಪರನ್ನು ಹಳೆಯ ಬನಿಯನ್ನಿನಿಂದ ಉಜ್ಜಿ, ಚೋಕ್ ಎಳೆದು, ಎರಡು ಸಲ ಕೆಮ್ಮಿಸಿ ಎಬ್ಬಿಸಿ, ಊರ ಹೊರಗಿನ ಹೋಟೆಲಿಗೆ ಹೋಗಿ ದೋಸೆ ತಿಂದು ಬರುತ್ತೀರಿ. ಕೆಲವರದು ಅಜ್ಜನ ಅಂಬಾಸಡರ್. ಕೆಲವರದು ಪ್ರೀಮಿಯರ್ ಪದ್ಮಿನಿ. ನಮ್ಮ ಬಾಯಲ್ಲಿ ಅದು ಈಗಲೂ ಫಿಯೆಟ್ಟೇ. ಕಾಫಿ ತೋಟದ ಕಡೆಯವರದು ವಿಲ್ಲೀಸ್ ಜೀಪು. ಉಳಿದ ಬಹುಪಾಲು ಮಂದಿಯದು ಮಾರುತಿ 800. 1983ರ ಡಿಸೆಂಬರಿನಲ್ಲಿ ರಸ್ತೆಗೆ ಬಂದ ಆ ಪುಟ್ಟ ಕಾರನ್ನೂ ಈಗ 'ಕ್ಲಾಸಿಕ್' ಅನ್ನುತ್ತಾರೆಂದು ಕೇಳಿದಾಗ ನನಗೆ ನನ್ನ ವಯಸ್ಸು ನೆನಪಾಗುತ್ತದೆ. ಅದರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು, ಅಂಬಾಸಡರಿನದು ಅದೇ ವರ್ಷದ ಮೇ ತಿಂಗಳಲ್ಲಿ. ಇನ್ನು ಇರುವುದು ಇರುವಷ್ಟೇ. ಅದಕ್ಕೇ ಈ ಕಾಗದ.

ವಿಷಯ ದೊಡ್ಡದೇನಲ್ಲ. ನಿಮ್ಮ ಎಡಗಾಲ ಕೆಳಗಿನ ಕ್ಲಚ್ ಪೆಡಲ್, ಅದರಲ್ಲೂ ಅದು ಕೆಳಗಿಳಿಯುವ ದಾರಿಯ ಮೊದಲ ಹೆಬ್ಬೆರಳಗಲ. ಪೆಡಲನ್ನು ಮುಟ್ಟಿದಾಗ ಯಾವ ಭಾರವೂ ಇಲ್ಲದೆ ಸುಮ್ಮನೆ ಒಳಗೆ ಹೋಗುತ್ತದಲ್ಲ, ಆಮೇಲೆ 'ಹಾಂ, ಈಗ ಸಿಕ್ಕಿತು' ಅನ್ನುವ ಹಾಗೆ ಗಟ್ಟಿಯಾಗುತ್ತದಲ್ಲ, ಆ ಸುಮ್ಮನೆ ಹೋಗುವ ಭಾಗ. ಗ್ಯಾರೇಜಿನವರು ಅದಕ್ಕೆ 'ಪ್ಲೇ' ಅನ್ನುತ್ತಾರೆ. ಕನ್ನಡದಲ್ಲಿ ಅದಕ್ಕೆ ಸರಿಯಾದ ಮಾತು ಮೊದಲಿನಿಂದಲೂ ಇದೆ: ಆಟ. 'ಬಾಗಿಲ ಚಿಲಕಕ್ಕೆ ಸ್ವಲ್ಪ ಆಟ ಇರಲಿ, ಮಳೆಗಾಲದಲ್ಲಿ ಮರ ಉಬ್ಬುತ್ತದೆ' ಎಂದು ನಮ್ಮ ಮಲೆನಾಡಿನ ಬಡಗಿಗಳು ಹೇಳುವಾಗಿನ ಆಟ. ಆ ಆಟವನ್ನು ದಯವಿಟ್ಟು ಕಿತ್ತುಕೊಳ್ಳಬೇಡಿ, ಇನ್ನೊಬ್ಬರಿಗೆ ಕಿತ್ತುಕೊಳ್ಳಲೂ ಬಿಡಬೇಡಿ. ಇಷ್ಟೇ ನನ್ನ ಬೇಡಿಕೆ.

ಇದನ್ನು ಹೇಳುವ ಯೋಗ್ಯತೆ ನನಗೆ ಬಂದದ್ದು ಓದಿನಿಂದಲ್ಲ, ತಪ್ಪು ಮಾಡಿ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಮೆಕ್ಯಾನಿಕ್ಕಲ್ಲ. ಅಪ್ಪ ಕೊಂಡ 1989ರ ಮಾರುತಿ ನನ್ನ ಕೈಗೆ ಬಂದ ಹೊಸತು. ಪೆಡಲ್ ತುದಿಯಲ್ಲಿ ಲೊಡಲೊಡ ಅನ್ನುತ್ತದೆ ಎಂದು ನನಗೆ ಕಿರಿಕಿರಿ. ಬ್ಯಾಂಕಿನಲ್ಲಿ ಪುಸ್ತಕ ಒಂದು ಪೈಸೆ ತಾಳೆಯಾಗದಿದ್ದರೂ ಮನೆಗೆ ಹೋಗದವನಿಗೆ ಸಡಿಲ ಅಂದರೆ ಆಗದು. ಒಂದು ಗ್ಯಾರೇಜಿಗೆ ಹೋಗಿ, 'ಇದನ್ನು ಬಿಗಿ ಮಾಡಿಕೊಡಿ, ಕಾಲಿಟ್ಟ ತಕ್ಷಣ ಹಿಡಿಯಬೇಕು' ಅಂದೆ. ಅಲ್ಲಿದ್ದ ಹುಡುಗ ಒಮ್ಮೆ ನನ್ನ ಮುಖ ನೋಡಿದ. ಏನೋ ಹೇಳಲು ಹೊರಟವನು ಸುಮ್ಮನಾದ. ಗಿರಾಕಿ ಹೇಳಿದ ಹಾಗೆ ನಟ್ಟು ತಿರುಗಿಸಿ ಕೊಟ್ಟ. ಪೆಡಲ್ ಹೊಸ ಬೂಟಿನ ಹಾಗೆ ಬಿಗಿಯಾಯಿತು. ನನಗೆ ಭಾರಿ ಖುಷಿ.

ಹತ್ತು ದಿನದ ಮೇಲೆ ಉಡುಪಿಯಿಂದ ವಾಪಸು ಬರುವಾಗ ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುತ್ತಿದ್ದೆ. ಹೆಂಡತಿ, ಇಬ್ಬರು ಮಕ್ಕಳು, ಹಿಂದೆ ಎರಡು ಹಲಸಿನ ಹಣ್ಣು. ಹದಿನಾಲ್ಕು ತಿರುವುಗಳಲ್ಲಿ ಮೂರೋ ನಾಲ್ಕೋ ಆಗಿದ್ದಿರಬೇಕು. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತುತ್ತೇನೆ, ಎಂಜಿನ್ ಕಿರುಚುತ್ತದೆ, ಕಾರು ಮಾತ್ರ ಏಳುವುದಿಲ್ಲ. ಇನ್ನಷ್ಟು ಒತ್ತಿದೆ. ಕಿರುಚಾಟ ಜಾಸ್ತಿಯಾಯಿತು, ಸ್ಪೀಡೋಮೀಟರಿನ ಮುಳ್ಳು ಕೆಳಗೇ ಬಂತು. ಆಮೇಲೆ ವಾಸನೆ. ಒಂದು ಸಲ ಮೂಗಿಗೆ ಬಡಿದರೆ ಮರೆಯುವ ವಾಸನೆಯಲ್ಲ ಅದು. ಸುಟ್ಟ ಕೂದಲಿಗೂ ಸುಟ್ಟ ರಬ್ಬರಿಗೂ ನಡುವಿನದು. 'ಹಲಸಿನ ಹಣ್ಣು ಕೊಳೆತಿದೆಯಾ?' ಅಂದಳು ಮಗಳು.

ಹಿಂದಿನಿಂದ ಬರುತ್ತಿದ್ದ ಲಾರಿಯೊಂದು ನಿಂತಿತು. ಚಾಲಕರು ಇಳಿದು ಬಂದು ಏನೂ ಕೇಳದೆ ಬಾನೆಟ್ ಎತ್ತಿಸಿದರು. ಗೇರ್‌ಬಾಕ್ಸಿನ ಪಕ್ಕದಲ್ಲಿ ಕ್ಲಚ್ ಕೇಬಲ್ ಬಂದು ಸೇರುವ ಕಬ್ಬಿಣದ ಪುಟ್ಟ ತೋಳನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡಿದರು. ಅದು ಮಿಸುಕಲಿಲ್ಲ. 'ಉಸಿರು ಬಿಡೋಕೂ ಜಾಗ ಇಟ್ಟಿಲ್ಲವಲ್ಲ ಸ್ವಾಮಿ' ಅಂದರು. ಅರ್ಧ ಗಂಟೆ ಎಲ್ಲರನ್ನೂ ಕಟ್ಟೆಯ ಮೇಲೆ ಕೂರಿಸಿ, ಬಿಸಿ ಆರಿದ ಮೇಲೆ ಸ್ಪ್ಯಾನರ್ ಹಾಕಿ ನಟ್ಟನ್ನು ಕೆಲವು ಸುತ್ತು ಸಡಿಲ ಮಾಡಿದರು. ಪೆಡಲ್ ಮತ್ತೆ ಲೊಡಲೊಡ ಅಂದಿತು. ಮೊದಲನೇ ಗೇರಿನಲ್ಲಿ ತೆವಳುತ್ತ ಆಗುಂಬೆ ಸೇರಿದೆವು. ಒಂದು ಹಲಸಿನ ಹಣ್ಣನ್ನು ಅವರಿಗೆ ಕೊಟ್ಟೆ. ತೆಗೆದುಕೊಂಡರು, ಹೆಸರು ಕೇಳಲು ಮರೆತೆ.

ಊರಿಗೆ ಬಂದು ಗೇರ್‌ಬಾಕ್ಸ್ ಇಳಿಸಿದಾಗ ಒಳಗಿನದನ್ನು ನೋಡಿದೆ. ಕ್ಲಚ್ ಪ್ಲೇಟಿನ ಲೈನಿಂಗ್ ಸವೆದು ರಿವೆಟ್ಟಿನ ತಲೆಗೆ ಬಂದಿತ್ತು. ಕನ್ನಡಿಯ ಹಾಗಿರಬೇಕಾದ ಫ್ಲೈವೀಲಿನ ಮುಖದ ಮೇಲೆ ನವಿಲುಗರಿಯ ನೀಲಿ ಬಣ್ಣದ ಮಚ್ಚೆಗಳು. ಕಬ್ಬಿಣ ಬೆಂದರೆ ಆ ಬಣ್ಣ ಬರುತ್ತದೆ. ನನ್ನ ಒಂದು 'ಬಿಗಿ ಮಾಡಿ'ಗೆ ಆದ ಖರ್ಚು ಆ ಕಾಲದ ನನ್ನ ಒಂದು ತಿಂಗಳ ಸಂಬಳಕ್ಕೆ ಹತ್ತಿರ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಕೇಳಿದ್ದು ನಾನೇ.

ಹೀಗೇಕಾಯಿತು ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದು ಗೊತ್ತಿದ್ದರೆ ನಿಮಗೆ ಯಾರ ಉಪದೇಶವೂ ಬೇಕಾಗುವುದಿಲ್ಲ.

ತಿರುಗುವ ಎಂಜಿನ್ನಿನ ತುದಿಯಲ್ಲಿ ಫ್ಲೈವೀಲ್. ಗೇರ್‌ಬಾಕ್ಸಿನ ತುದಿಯಲ್ಲಿ ಕ್ಲಚ್ ಪ್ಲೇಟ್. ಪ್ರೆಷರ್ ಪ್ಲೇಟ್ ಎಂಬುದು ಸ್ಪ್ರಿಂಗಿನ ಬಲದಿಂದ ಎರಡನ್ನೂ ಒತ್ತಿ ಹಿಡಿದಿರುತ್ತದೆ. ರೊಟ್ಟಿಯನ್ನು ಎರಡು ಅಂಗೈ ನಡುವೆ ಒತ್ತಿದ ಹಾಗೆ. ನೀವು ಪೆಡಲ್ ತುಳಿದಾಗ ಕೇಬಲ್ ಆ ಕಬ್ಬಿಣದ ತೋಳನ್ನು ಎಳೆಯುತ್ತದೆ, ತೋಳು ಒಳಗಿನ ರಿಲೀಸ್ ಬೇರಿಂಗನ್ನು ಮುಂದಕ್ಕೆ ದೂಡುತ್ತದೆ, ಬೇರಿಂಗ್ ಹೋಗಿ ಸ್ಪ್ರಿಂಗಿನ ಬೆರಳುಗಳನ್ನು ಅದುಮುತ್ತದೆ, ಹಿಡಿತ ಬಿಡುತ್ತದೆ. ಪೆಡಲ್ ಐದಾರು ಅಂಗುಲ ಇಳಿದರೆ ಅಲ್ಲಿ ಬೇರಿಂಗ್ ಸಾಗುವುದು ಒಂದು ಸೆಂಟಿಮೀಟರಿನ ಆಸುಪಾಸು ಮಾತ್ರ. ಮೀಟುಗೋಲಿನ ಲೆಕ್ಕ, ಕಾಲಿಗೆ ದೂರ ಜಾಸ್ತಿ, ಅಲ್ಲಿ ಬಲ ಜಾಸ್ತಿ. ಪೆಡಲಿನಲ್ಲಿ ನಿಮಗೆ ಸಿಗುವ ಹೆಬ್ಬೆರಳಗಲದ ಆಟ ಅಲ್ಲಿ ಒಳಗೆ ಒಂದೆರಡು ಮಿಲಿಮೀಟರಿನ ಸಂದು. ನೀವು ತುಳಿಯದೇ ಇರುವಾಗ ಬೇರಿಂಗ್ ಆ ಬೆರಳುಗಳನ್ನು ಮುಟ್ಟದೆ ದೂರ ಕೂತಿರಲಿ ಎಂದು ಬಿಟ್ಟ ಸಂದು.

ಈಗ ಬರುತ್ತದೆ ನೋಡಿ, ಎಲ್ಲರೂ ಎಡವುವ ಜಾಗ. ಯಾವುದೇ ವಸ್ತು ಸವೆದರೆ ಸಡಿಲವಾಗುತ್ತದೆ ಎಂಬುದು ನಮ್ಮೆಲ್ಲರ ಅನುಭವ. ಚಪ್ಪಲಿ, ಬಾಗಿಲ ಕೀಲು, ಮಿಕ್ಸಿ ಜಾರು, ಎಲ್ಲ ಹಾಗೇ. ಕ್ಲಚ್ ಪ್ಲೇಟ್ ಮಾತ್ರ ಉಲ್ಟಾ. ಲೈನಿಂಗ್ ಸವೆದು ತೆಳ್ಳಗಾದಂತೆ ಪ್ರೆಷರ್ ಪ್ಲೇಟ್ ಫ್ಲೈವೀಲಿನ ಕಡೆಗೆ ಒಂದಿಷ್ಟು ಸರಿಯುತ್ತದೆ. ಅದರ ಸ್ಪ್ರಿಂಗಿನ ಬೆರಳುಗಳು ತಕ್ಕಡಿಯ ಇನ್ನೊಂದು ತಟ್ಟೆಯಂತೆ ಹಿಂದಕ್ಕೆ, ಬೇರಿಂಗಿನ ಕಡೆಗೆ ಬರುತ್ತವೆ. ಸಂದು ತಾನಾಗಿಯೇ ಮುಚ್ಚುತ್ತ ಹೋಗುತ್ತದೆ. ಅಂದರೆ ಪ್ಲೇಟ್ ಸವೆದಷ್ಟೂ ಪೆಡಲಿನ ಆಟ ಕಡಿಮೆಯಾಗುತ್ತದೆ, ಕಾರು ಹಿಡಿಯುವ ಜಾಗ ಮೇಲೆ ಮೇಲೆ ಬರುತ್ತದೆ. ನೀವು ಸುಮ್ಮನೆ ಬಿಟ್ಟರೂ ಆಟ ತಿಂದುಹೋಗುತ್ತದೆ. ಅಂಥದ್ದರಲ್ಲಿ ನಾನು ಹಣ ಕೊಟ್ಟು ತಿನ್ನಿಸಿದೆ. ಸಂದು ಪೂರ್ತಿ ಮುಚ್ಚಿದ ಮೇಲೆ ಬೇರಿಂಗ್ ಹಗಲೂ ರಾತ್ರಿ ಆ ಬೆರಳುಗಳ ಮೇಲೆ ಒರಗಿರುತ್ತದೆ. ನೀವು ಪೆಡಲ್ ಮುಟ್ಟಿಲ್ಲ, ಆದರೂ ಕ್ಲಚ್ ಅರ್ಧ ತುಳಿದ ಹಾಗೆಯೇ. ಸಮತಟ್ಟಾದ ರಸ್ತೆಯಲ್ಲಿ ಗೊತ್ತಾಗುವುದಿಲ್ಲ. ಗೊತ್ತಾಗುವುದು ಘಾಟಿಯಲ್ಲಿ.

ಇದರ ವಿರುದ್ಧದ ಕಾಯಿಲೆಯೂ ಇದೆ. ಕೇಬಲ್ ಹಿಗ್ಗಿದರೆ ಆಟ ಜಾಸ್ತಿಯಾಗಿ, ಪೆಡಲ್ ನೆಲ ಮುಟ್ಟಿದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ. ಮೊದಲು ದೂರು ಹೇಳುವುದು ರಿವರ್ಸ್ ಗೇರು, 'ಕರ್ರ್' ಅನ್ನುವ ಸದ್ದಿನಲ್ಲಿ. ಹಳೆಯ ಅಂಬಾಸಡರ್, ಫಿಯೆಟ್ಟುಗಳಲ್ಲಿ ಮೊದಲನೇ ಗೇರಿಗೂ, ಗೇರುಗಳ ವೇಗ ಹೊಂದಿಸುವ ಸಿಂಕ್ರೋಮೆಶ್ ಇರಲಿಲ್ಲ, ಹಾಗಾಗಿ ಅದೂ ಹಲ್ಲು ಕಡಿಯುತ್ತದೆ. ಇನ್ನೊಂದು ಮಾತು: ಒಮ್ಮೆ ಸರಿಮಾಡಿದ ಆಟ ವಾರದೊಳಗೆ ಮತ್ತೆ ಬೆಳೆದರೆ ನಟ್ಟು ತಿರುಗಿಸುತ್ತ ಕೂರಬೇಡಿ. ಕೇಬಲ್ಲಿನ ಎಳೆಗಳು ಒಂದೊಂದೇ ಹರಿಯುತ್ತಿವೆ ಎಂದು ಅರ್ಥ. ಹೊಸದು ಹಾಕಿಸಿ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಹೋಗುವುದಾದರೆ ಹಳೆಯ ಕೇಬಲ್ಲನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಪಕ್ಕಪಕ್ಕ ಇಟ್ಟು ಉದ್ದ ತಾಳೆ ನೋಡಿ. 'ಎಲ್ಲದಕ್ಕೂ ಆಗುತ್ತೆ ಸಾರ್' ಎಂಬ ಮಾತನ್ನು ನಂಬಬೇಡಿ.

ಈಗ ಕೆಲಸಕ್ಕೆ ಬರೋಣ. ನಿಮ್ಮ ಮನೆಯಲ್ಲಿ ಶಾಲೆಯ ಹದಿನೈದು ಸೆಂಟಿಮೀಟರಿನ ಸ್ಕೇಲ್ ಇರುತ್ತದೆ. ಕಾರನ್ನು ಸಮ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಾಲಕನ ಬಾಗಿಲು ತೆರೆದು ಮಂಡಿಯೂರಿ ಕೂರಿ. ಸ್ಕೇಲನ್ನು ಪೆಡಲಿನ ಪಕ್ಕಕ್ಕೆ ಒತ್ತರಿಸಿ ಹಿಡಿದು ಪೆಡಲನ್ನು ಕೈಯಿಂದ ಒತ್ತಿ, ಕಾಲಿನಿಂದಲ್ಲ. ಕಾಲಿಗೆ ಇಷ್ಟು ಸೂಕ್ಷ್ಮ ತಿಳಿಯುವುದಿಲ್ಲ. ನನಗೆ ಇದನ್ನು ಕಲಿಸಿದ ನಮ್ಮೂರಿನ ವಯಸ್ಸಾದ ಮೇಸ್ತ್ರಿ ಎರಡು ಬೆರಳಿಟ್ಟು, ಕಣ್ಣು ಮುಚ್ಚಿ, ನಾಡಿ ನೋಡುವ ವೈದ್ಯರ ಹಾಗೆ ಒತ್ತುತ್ತಿದ್ದರು. ಮೊದಲು ಪೆಡಲಿನ ವಾಪಸು ಸ್ಪ್ರಿಂಗಿನ ಹಗುರ ಭಾರ. ಆಮೇಲೆ ಒಂದು ಕಡೆ ಭಾರ ಥಟ್ಟನೆ ಬದಲಾಗುತ್ತದೆ. ಅಲ್ಲಿ ನಿಲ್ಲಿಸಿ ಎಷ್ಟು ಮಿಲಿಮೀಟರ್ ಇಳಿಯಿತು ನೋಡಿ.

ಎಷ್ಟಿರಬೇಕು? ನಿಮ್ಮ ಕಾರಿನ ಕೈಪಿಡಿಯಲ್ಲಿರುವ ಅಂಕಿಯೇ ಕೊನೆಯ ಮಾತು. ಸಿಗುವವರೆಗೆ, ಕೇಬಲ್ ಕ್ಲಚ್ಚಿನ ಸಣ್ಣ ಕಾರುಗಳಿಗೆ 15ರಿಂದ 25 ಮಿಲಿಮೀಟರ್ ಎಂದು ಇಟ್ಟುಕೊಳ್ಳಿ, ಒಂದು ಹೆಬ್ಬೆರಳಗಲ. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ಗೆ 10ರಿಂದ 20 ಸಾಕು. ಆ ಬೀಟಲ್ ಮಾಡಿದವರನ್ನು ಇಲ್ಲಿ ಮೆಚ್ಚಬೇಕು. ಕೇಬಲ್ಲಿನ ತುದಿಗೆ ಕಿವಿಯಿರುವ ನಟ್ಟು ಕೊಟ್ಟರು. ಸ್ಪ್ಯಾನರೇ ಬೇಡ, ಕಾರಿನ ಹಿಂಭಾಗದಡಿ ಕೈಹಾಕಿ ಬೆರಳಲ್ಲೇ ತಿರುಗಿಸಬಹುದು. ಮಾಲೀಕನೇ ಇದನ್ನು ನೋಡಿಕೊಳ್ಳುತ್ತಾನೆ ಎಂದು ನಂಬಿದವರು ಮಾತ್ರ ಹೀಗೆ ಮಾಡಿಯಾರು.

ಮಾರುತಿಯಲ್ಲಿ ಬಾನೆಟ್ ತೆಗೆದರೆ ಗೇರ್‌ಬಾಕ್ಸಿನ ಮೇಲೆ ಕೇಬಲ್ಲಿನ ತುದಿ, ಅದರ ಥ್ರೆಡ್ಡಿನ ಮೇಲೆ ನಟ್ಟು. ಒಳಗೆ ತಿರುಗಿಸಿದರೆ ಆಟ ಕಡಿಮೆ, ಬಿಚ್ಚಿದರೆ ಜಾಸ್ತಿ. ಒಂದು ಸಲಕ್ಕೆ ಅರ್ಧ ಸುತ್ತು ಸಾಕು. ಹೋಗಿ ಪೆಡಲನ್ನು ಹತ್ತು ಸಲ ತುಳಿದು ಮತ್ತೆ ಅಳೆಯಿರಿ. ಅಳೆಯದೆ ಎರಡನೇ ಸಲ ತಿರುಗಿಸಬೇಡಿ. ತುಕ್ಕು ಹಿಡಿದಿದ್ದರೆ ಹಿಂದಿನ ದಿನವೇ ಎಣ್ಣೆ ಬಿಟ್ಟಿರಿ. ಇದು ಹತ್ತು ನಿಮಿಷದ ಕೆಲಸ, ಕೈಗೆ ಮಸಿ ಬಿಟ್ಟರೆ ಖರ್ಚಿಲ್ಲ.

ಎಣ್ಣೆಯ (ಹೈಡ್ರಾಲಿಕ್) ಕ್ಲಚ್ ಇರುವವರಿಗೆ ಕಥೆ ಸ್ವಲ್ಪ ಬೇರೆ. ಅಲ್ಲಿ ಕೇಬಲ್ ಬದಲು ಮಾಸ್ಟರ್ ಸಿಲಿಂಡರು, ಸ್ಲೇವ್ ಸಿಲಿಂಡರು. ಅನೇಕ ಕಾರುಗಳಲ್ಲಿ ಸವೆತವನ್ನು ಅದೇ ಸರಿದೂಗಿಸಿಕೊಳ್ಳುತ್ತದೆ. ಪೆಡಲಿನ ಬಳಿ ಪುಶ್ ರಾಡಿಗೆ ಒಂದಿಷ್ಟು ಆಟ ಇದ್ದರೆ ಆಯಿತು. ಪೆಡಲ್ ಸ್ಪಂಜಿನ ಹಾಗೆ ಆದರೆ ಗಾಳಿ ಸೇರಿದೆ ಅಥವಾ ಎಲ್ಲೋ ಸೋರುತ್ತಿದೆ, ನಟ್ಟು ತಿರುಗಿಸಿ ಉಪಯೋಗವಿಲ್ಲ. ಮತ್ತೆ, ಬ್ರೇಕ್ ಆಯಿಲ್ ಹಾಕಬೇಕಾದ ಡಬ್ಬಿಗೆ ಎಂಜಿನ್ ಆಯಿಲ್ ಸುರಿದವರನ್ನು ನಾನು ಕಂಡಿದ್ದೇನೆ. ಒಳಗಿನ ರಬ್ಬರೆಲ್ಲ ಊದಿ ಕೆಡುತ್ತದೆ. ಡಬ್ಬಿಯ ಮೇಲಿನದನ್ನು ಓದಿ ಸುರಿಯಿರಿ.

ಇನ್ನೊಂದು ಪ್ರಸಂಗ. ಸ್ನೇಹಿತರೊಬ್ಬರ ಮಗಳು ಅಜ್ಜನ ಫಿಯೆಟ್ಟನ್ನು ಆಸೆಯಿಂದ ಸರಿಮಾಡಿಸಿದಳು. ಸ್ಟಿಯರಿಂಗಿನ ಪಕ್ಕದ ಗೇರುಕೋಲು, ಹೊಸ ಬಣ್ಣ, ಹೊಸ ಸೀಟು. ಆದರೆ ಮೊದಲನೇ ಗೇರಿಗೆ ಹಾಕಿದಾಗಲೆಲ್ಲ ಕರ್ರ್. ಒಂದು ಕಡೆ ಕೇಳಿದರೆ ಗೇರ್‌ಬಾಕ್ಸ್ ಇಳಿಸಬೇಕು ಅಂದರಂತೆ. ನನಗೆ ಫೋನು ಮಾಡಿದಳು. ಹೋಗಿ ಬಾಗಿಲು ತೆರೆದರೆ ಕೆಳಗೆ ದಪ್ಪ ರಬ್ಬರ್ ಮ್ಯಾಟು, ಅದರ ಮೇಲೆ ಚೆಂದ ಕಾಣಲಿ ಎಂದು ನಾರಿನ ಚಾಪೆ. ಪೆಡಲ್ ಪಾಪ ಒಂದು ಅಂಗುಲ ಮೊದಲೇ ಚಾಪೆಗೆ ಬಡಿದು ನಿಲ್ಲುತ್ತಿತ್ತು. ಎರಡನ್ನೂ ಎತ್ತಿ ಹಿಂದಿನ ಸೀಟಿಗೆ ಎಸೆದೆ. ಗೇರು ಬೆಣ್ಣೆಯ ಹಾಗೆ ಬಿತ್ತು. ಅವಳು ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ. ಪೆಡಲಿಗೆ ಮೇಲಿನ ಆಟದಷ್ಟೇ ಕೆಳಗಿನ ದಾರಿಯೂ ಮುಖ್ಯ; ಅದಕ್ಕೆ ನೆಲ ಬಿಟ್ಟುಕೊಡಿ.

ಇಷ್ಟೆಲ್ಲ ಸರಿಮಾಡಿ ನಿಮ್ಮ ಎಡಗಾಲನ್ನು ಪೆಡಲಿನ ಮೇಲೆಯೇ ಇಟ್ಟುಕೊಂಡು ಓಡಿಸಿದರೆ ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಬೆಂಗಳೂರಿನವರಿಗೆ ಈ ಮಾತು ವಿಶೇಷವಾಗಿ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಾಗ ನ್ಯೂಟ್ರಲ್ ಮಾಡಿ ಕಾಲು ತೆಗೆಯಿರಿ. ಫ್ಲೈಓವರಿನ ಏರಿನಲ್ಲಿ ಹಾಫ್ ಕ್ಲಚ್ಚಿನಲ್ಲಿ ಕಾರನ್ನು ತೂಗುತ್ತ ನಿಲ್ಲಿಸುವುದು ಕೌಶಲವೆಂದು ಯಾರೋ ಹೇಳಿಕೊಟ್ಟಿರುತ್ತಾರೆ. ಅದು ಪ್ಲೇಟನ್ನು ಸಾಣೆ ಹಿಡಿಯುವ ಕೆಲಸ. ಹ್ಯಾಂಡ್‌ಬ್ರೇಕ್ ಇರುವುದು ಅದಕ್ಕೇ. ಅಂಬಾಸಡರಿನಂಥ ಮಾರಿಸ್ ವಂಶದ ಹಳೆಯ ಕಾರುಗಳಲ್ಲಂತೂ ರಿಲೀಸ್ ಬೇರಿಂಗ್ ಎಂದರೆ ಗುಂಡುಗಳಿರುವ ಬೇರಿಂಗಲ್ಲ, ಗ್ರಾಫೈಟಿನ ಒಂದು ಉಂಗುರ. ಪೆನ್ಸಿಲ್ ಕಡ್ಡಿಯ ಜಾತಿ. ಕಾಲು ಒರಗಿಸಿದಷ್ಟು ಹೊತ್ತೂ ಅದು ಬರೆಯುತ್ತಲೇ ಇರುತ್ತದೆ, ಸವೆಯುತ್ತಲೇ ಇರುತ್ತದೆ.

'ಕ್ಲಚ್ ಪ್ಲೇಟ್ ಹೋಗಿದೆ' ಎಂದು ಯಾರಾದರೂ ಹೇಳಿದರೆ ಒಪ್ಪುವ ಮೊದಲು ವಿನಯದಿಂದ ಎರಡು ಪ್ರಶ್ನೆ ಕೇಳಿ: ಆಟ ಎಷ್ಟಿದೆ ಅಳೆದಿರಾ? ನನ್ನೆದುರಿಗೆ ಒಂದು ಸಲ ಅಳೆಯೋಣವೇ? ಒಳ್ಳೆಯ ಮೇಸ್ತ್ರಿಗೆ ಇದರಿಂದ ಅವಮಾನವಾಗುವುದಿಲ್ಲ, ಸಂತೋಷವೇ ಆಗುತ್ತದೆ. ನೀವೇ ಪರೀಕ್ಷಿಸುವುದಾದರೆ, ಮುಂದೆ ಯಾರೂ ಇಲ್ಲದ ಬಯಲಿನಲ್ಲಿ ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು, ಬ್ರೇಕನ್ನೂ ತುಳಿದು, ಮೂರನೇ ಗೇರು ಹಾಕಿ ಕ್ಲಚ್ ನಿಧಾನವಾಗಿ ಬಿಡಿ. ಎಂಜಿನ್ ಜರ್ಕ್ ಹೊಡೆದು ನಿಂತರೆ ಪ್ಲೇಟ್ ಇನ್ನೂ ಹಿಡಿಯುತ್ತಿದೆ. ನಿಲ್ಲದೆ ಓಡುತ್ತಲೇ ಇದ್ದರೆ ಜಾರುತ್ತಿದೆ. ತಕ್ಷಣ ಪೆಡಲ್ ತುಳಿಯಿರಿ. ಒಂದೇ ಸಲ ಮಾಡಿ; ಪರೀಕ್ಷೆಯೇ ಪ್ಲೇಟನ್ನು ತಿನ್ನುತ್ತದೆ.

ಪ್ಲೇಟ್ ನಿಜಕ್ಕೂ ಹೋಗಿದ್ದರೆ ಬದಲಾಯಿಸಿ, ಆದರೆ ಒಂದು ಎಚ್ಚರ. ಹಳೆಯ ಕಾಲದ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಗೇರ್‌ಬಾಕ್ಸ್ ಇಳಿಸಿದಾಗ ಒಳಗೆ ಕೂತಿರುವ ಕಪ್ಪು ಪುಡಿಯನ್ನು ಬಾಯಿಂದ ಊದಲು, ಗಾಳಿ ಹೊಡೆಯಲು ಬಿಡಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿಸಿ. ನಿಮಗಾಗಿ ಅಲ್ಲದಿದ್ದರೂ, ಅದರ ಕೆಳಗೆ ಮಲಗಿ ಕೆಲಸ ಮಾಡುವ ಹುಡುಗನಿಗಾಗಿ.

ಕೊನೆಯದಾಗಿ ಒಂದು ಚೀಟಿ. ಡ್ಯಾಶ್‌ಬೋರ್ಡಿನ ಗೂಡಿನೊಳಗೆ ಅಂಟಿಸಿ, ದಿನಾಂಕ, ಓಡಿದ ಕಿಲೋಮೀಟರ್, ಪೆಡಲಿನ ಆಟ ಎಷ್ಟು ಮಿಲಿಮೀಟರ್ ಎಂದು ಎರಡು ತಿಂಗಳಿಗೊಮ್ಮೆ ಬರೆಯುತ್ತ ಹೋಗಿ. ಒಂದು ಅಂಕಿಯಿಂದ ಏನೂ ತಿಳಿಯುವುದಿಲ್ಲ. ನಾಲ್ಕು ಅಂಕಿ ಸೇರಿದರೆ ಒಳಗಿನ ಪ್ಲೇಟ್ ಎಷ್ಟು ಬೇಗ ಸವೆಯುತ್ತಿದೆ ಎಂಬುದನ್ನು ಗೇರ್‌ಬಾಕ್ಸ್ ಇಳಿಸದೆಯೇ ಓದಬಹುದು. ಗುಮಾಸ್ತನ ಬುದ್ಧಿ ಎಂದು ನಗಬೇಡಿ, ಲೆಡ್ಜರು ನನಗೆ ಕಲಿಸಿದ ಒಂದೇ ಒಳ್ಳೆಯ ಅಭ್ಯಾಸ ಇದು.

ಈ ಕಾಗದ ಮಡಿಸುವ ಮುನ್ನ ಕೆಳಗೆ ಹೋಗಿ ನಮ್ಮ ಮಾರುತಿಯನ್ನು ಅಳೆದು ಬಂದೆ. 16 ಮಿಲಿಮೀಟರ್. ಹಿಂದಿನ ಸಲ 20 ಇತ್ತು. ನಾಳೆ ಬೆಳಿಗ್ಗೆ ಕಾಫಿಯಾದ ಮೇಲೆ ಅರ್ಧ ಸುತ್ತು ಬಿಚ್ಚಬೇಕು.

ನಿಮ್ಮ ಕಾರುಗಳು ಘಾಟಿ ಹತ್ತಲಿ ಎಂದು ಹಾರೈಸುತ್ತ,

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಬ್ಯಾಂಕ್ ಗುಮಾಸ್ತ
ಶಿವಮೊಗ್ಗ